ಎಲೆ ನೀಲಿಯಾಗದಿದ್ದರೆ: ದ್ಯುತಿಸಂಶ್ಲೇಷಣೆಯ ಪ್ರಯೋಗದಲ್ಲೂ ಉತ್ತರದಲ್ಲೂ ತಪ್ಪು ಹುಡುಕುವ ಬಗೆ

ದ್ಯುತಿಸಂಶ್ಲೇಷಣೆಯಲ್ಲಿ ತಯಾರಾದ ಆಹಾರವನ್ನು ಎಲೆ ಸಾಮಾನ್ಯವಾಗಿ ಪಿಷ್ಟವಾಗಿ ಕೂಡಿಡುತ್ತದೆ, ಪಿಷ್ಟ ಇದ್ದ ಕಡೆ ಕಂದು ಅಯೋಡಿನ್ ನೀಲಿ-ಕಪ್ಪಾಗುತ್ತದೆ. ಅಯೋಡಿನ್ ಹನಿಸಿದ ಮೇಲೂ ಎಲೆ ಕಂದಾಗಿಯೇ ಉಳಿದರೆ ಅದಕ್ಕೆ ಎರಡು ಅರ್ಥ ಇರಬಹುದು. ಎಲೆಯಲ್ಲಿ ಪಿಷ್ಟ ಇರಲಿಲ್ಲ. ಇಲ್ಲವೇ ಪಿಷ್ಟ ಇತ್ತು, ಅಯೋಡಿನ್ ಅದನ್ನು ಮುಟ್ಟಲಿಲ್ಲ. ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಪಾಠದ ಪ್ರಯೋಗ ಕೈಕೊಟ್ಟಾಗ ಮಕ್ಕಳು ಮೊದಲನೇ ಅರ್ಥಕ್ಕೇ ಜಿಗಿದು ‘ದ್ಯುತಿಸಂಶ್ಲೇಷಣೆ ನಡೆದಿಲ್ಲ’ ಎಂದು ಬರೆದುಬಿಡುತ್ತಾರೆ. ಗಿಡ ತನ್ನ ಕೆಲಸ ಮಾಡಿರುತ್ತದೆ, ನೋಡುವ ದಾರಿ ಕೆಟ್ಟಿರುತ್ತದೆ. ಹಾಗಾಗಿ ತಪ್ಪನ್ನು ಹಿಂದಿನಿಂದ ಹುಡುಕಬೇಕು: ಮೊದಲು ಅಯೋಡಿನ್ ಬಾಟಲಿ, ಆಮೇಲೆ ಎಲೆಯ ಬಣ್ಣ ತೆಗೆದ ರೀತಿ, ಕೊನೆಗೆ ಗಿಡ, ಬೆಳಕು, ಗಾಳಿ. ಪರೀಕ್ಷೆಯ ಹಾಳೆಯಲ್ಲಿ ಅಂಕ ಹೋಗುವುದೂ ಇದೇ ಕಾರಣಕ್ಕೆ. ಹಂತಗಳು ಸಾಲಾಗಿ ಬಾಯಿಪಾಠ ಇರುತ್ತವೆ, ಯಾವ ಹಂತ ಯಾವ ಕೆಲಸಕ್ಕೆ ಎಂಬುದು ಇರುವುದಿಲ್ಲ.

ಮೊದಲು ಬಾಟಲಿ

ತಣ್ಣಗಾದ ಅನ್ನದ ನಾಲ್ಕು ಅಗುಳು ಒಂದು ತಟ್ಟೆಗೆ ಹಾಕಿ ಮೇಲೊಂದು ಹನಿ ಅಯೋಡಿನ್ ಬಿಡಿ. ಗಂಗಾವತಿ ಕಡೆಯ ಸೋನಾ ಮಸೂರಿ ಆಗಲಿ, ರೇಷನ್ ಅಕ್ಕಿ ಆಗಲಿ, ಕ್ಷಣದಲ್ಲಿ ನೀಲಿ-ಕಪ್ಪಾಗಬೇಕು. ಜೋಳದ ರೊಟ್ಟಿಯ ಚೂರು ಆದರೂ ನಡೆಯುತ್ತದೆ. ಅನ್ನದ ಮೇಲೂ ಬಣ್ಣ ಬರದಿದ್ದರೆ ಗಿಡವನ್ನು ದೂರುವುದು ಬಿಟ್ಟು ದ್ರಾವಣ ಹೊಸದಾಗಿ ಮಾಡಿ. ಬಿರಡೆ ಸಡಿಲ ಬಿಟ್ಟ, ಕಿಟಕಿ ಬಿಸಿಲಿಗೆ ಇಟ್ಟ ಬಾಟಲಿಯಲ್ಲಿ ಅಯೋಡಿನ್ ನಿಧಾನಕ್ಕೆ ಆವಿಯಾಗಿ ದ್ರಾವಣ ತಿಳಿಯಾಗುತ್ತಾ ಹೋಗುತ್ತದೆ. ಕಂದು ಗಾಜಿನ ಬಾಟಲಿಯಲ್ಲಿಟ್ಟು ಕಪಾಟಿನೊಳಗೆ ಇಡುವುದು ಅದಕ್ಕೇ.

ಹೊಸದಾಗಿ ಮಾಡುವಾಗ ಬರಿ ನೀರಿಗೆ ಅಯೋಡಿನ್ ಹರಳು ಹಾಕಿ ಕಲಕಿದರೆ ಗಂಟೆಯಾದರೂ ಕರಗುವುದಿಲ್ಲ. 2 ಗ್ರಾಂ ಪೊಟ್ಯಾಸಿಯಮ್ ಅಯೋಡೈಡನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಅದಕ್ಕೆ 1 ಗ್ರಾಂ ಅಯೋಡಿನ್ ಹಾಕಿ ಪೂರ್ತಿ ಕರಗುವ ತನಕ ಕಲಕಿ, ಆಮೇಲೆ ನೀರು ಸೇರಿಸಿ 300 ಮಿಲಿಲೀಟರ್ ಮಾಡಿ. ಬಣ್ಣ ಹಾಲಿಲ್ಲದ ಚಹಾದಷ್ಟಿದ್ದರೆ ಸಾಕು. ಇನ್ನೂ ಗಾಢವಾದರೆ ಬೇರೆ ಸಮಸ್ಯೆ: ಅಯೋಡಿನ್ನಿನ ಸ್ವಂತ ಕಂದು ಬಣ್ಣವೇ ಎಲೆಯ ಮೇಲೆ ಕಪ್ಪಾಗಿ ಕಾಣುತ್ತದೆ, ಪಿಷ್ಟ ಇರುವ ಜಾಗಕ್ಕೂ ಇಲ್ಲದ ಜಾಗಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಹನಿಸಿ ಒಂದೆರಡು ನಿಮಿಷ ಬಿಟ್ಟು ನೀರಿನಲ್ಲಿ ತೊಳೆದರೆ ಕಂದು ಹೋಗಿ ನೀಲಿ ಉಳಿಯುತ್ತದೆ.

ಬಾಟಲಿ ಸರಿಯಿದ್ದೂ ಬಣ್ಣ ಬರದಿದ್ದರೆ ಎಲೆಯನ್ನು ಮುಟ್ಟಿ ನೋಡಿ. ಬಿಸಿ ಎಲೆಯ ಮೇಲೆ ಅಯೋಡಿನ್ ಹಾಕಿದರೆ ನೀಲಿ ಹುಟ್ಟುವುದಿಲ್ಲ, ಹುಟ್ಟಿದ್ದೂ ಮಾಯವಾಗುತ್ತದೆ. ತಣ್ಣಗಾದಾಗ ಮತ್ತೆ ಕಾಣಿಸುತ್ತದೆ. ಅವಸರದ ಪ್ರಾಯೋಗಿಕ ತರಗತಿಯಲ್ಲಿ ಇದು ಪದೇ ಪದೇ ಆಗುವ ತಪ್ಪು.

ಹಸಿರು ಪೂರ್ತಿ ಹೋಗಿದೆಯೇ?

ಎಲೆಯನ್ನು ಎರಡು ಸಲ ಬಿಸಿ ಮಾಡುತ್ತೇವೆ, ಎರಡಕ್ಕೂ ಬೇರೆ ಬೇರೆ ಕೆಲಸ. ಇಲ್ಲಿ ಗೊಂದಲ ಮಾಡಿಕೊಂಡವರು ಒಂದು ಅಂಕವನ್ನು ಖಾತ್ರಿಯಾಗಿ ಕಳೆದುಕೊಳ್ಳುತ್ತಾರೆ. ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಇಡುವುದು ಜೀವಕೋಶಗಳನ್ನು ಕೊಲ್ಲಲು: ಒಳಗಿನ ರಾಸಾಯನಿಕ ಕ್ರಿಯೆ ನಿಲ್ಲುತ್ತದೆ, ಪೊರೆಗಳು ಒಡೆದು ಮುಂದೆ ಆಲ್ಕೋಹಾಲ್‌ಗೂ ಅಯೋಡಿನ್‌ಗೂ ದಾರಿಯಾಗುತ್ತದೆ. ಆಲ್ಕೋಹಾಲ್‌ನಲ್ಲಿ ಬಿಸಿ ಮಾಡುವುದು ಪತ್ರಹರಿತ್ತನ್ನು, ಅಂದರೆ ಎಲೆಯ ಹಸಿರು ಬಣ್ಣವನ್ನು, ಕರಗಿಸಿ ತೆಗೆಯಲು. ‘ಆಲ್ಕೋಹಾಲ್‌ನಲ್ಲಿ ಏಕೆ ಕುದಿಸುತ್ತಾರೆ?’ ಎಂಬ ಪ್ರಶ್ನೆಗೆ ‘ಎಲೆ ಮೆತ್ತಗಾಗಲು’ ಎಂದು ಬರೆದರೆ ಉತ್ತರ ತಲೆಕೆಳಗಾಯಿತು. ಆಲ್ಕೋಹಾಲ್‌ನಿಂದ ತೆಗೆದ ಎಲೆ ಹಪ್ಪಳದಂತೆ ಗರಿಗರಿಯಾಗುತ್ತದೆ. ಅದನ್ನು ಮೆತ್ತಗೆ ಮಾಡಲಿಕ್ಕೆಂದೇ ಮತ್ತೆ ಬೆಚ್ಚಗಿನ ನೀರಿನಲ್ಲಿ ಅದ್ದುತ್ತೇವೆ. ಈ ಅದ್ದುವಿಕೆ ಬಿಟ್ಟು ತಟ್ಟೆಯ ಮೇಲೆ ಹರಡಲು ಹೋದರೆ ಎಲೆ ಪುಡಿಯಾಗುತ್ತದೆ.

ಆಲ್ಕೋಹಾಲ್ 78 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ಅದರ ಆವಿಗೆ ತಕ್ಷಣ ಬೆಂಕಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ನೀರನ್ನು ಕುದಿಸಿ, ಒಲೆ ಆರಿಸಿ, ಆಮೇಲೆ ಆ ಬಿಸಿನೀರಿನೊಳಗೆ ಆಲ್ಕೋಹಾಲ್ ಮತ್ತು ಎಲೆ ಇರುವ ಪ್ರನಾಳ ಅಥವಾ ಬೀಕರ್ ಇಡಿ. ಐದರಿಂದ ಹತ್ತು ನಿಮಿಷದಲ್ಲಿ ಆಲ್ಕೋಹಾಲ್ ಹಸಿರಾಗಿ ಎಲೆ ಕೆನೆ ಬಣ್ಣಕ್ಕೆ ಬರಬೇಕು. ನಡುವೆ ಕುದಿ ನಿಂತರೆ ಹೊರಗಿನ ನೀರನ್ನು ಬದಲಿಸಿ. ಆಲ್ಕೋಹಾಲ್ ಇರುವಾಗ ಒಲೆ ಮತ್ತೆ ಹಚ್ಚಬೇಡಿ. ಕೈಗೆ ಹಚ್ಚುವ ಸ್ಯಾನಿಟೈಸರ್‌ನಿಂದ ಈ ಕೆಲಸ ಮಾಡಲು ಹೋಗಬೇಡಿ. ಅದರಲ್ಲಿ ನೀರು, ಗ್ಲಿಸರಿನ್, ಅಂಟು ಬೆರೆತಿರುತ್ತವೆ. ಎಲೆ ಅರೆಹಸಿರಾಗಿ ಉಳಿಯುತ್ತದೆ, ಅರೆಹಸಿರಿನ ಮೇಲೆ ಅಯೋಡಿನ್ ಬಿದ್ದರೆ ಕೊಳೆ ಬಣ್ಣ ಬರುತ್ತದೆ, ಅದನ್ನು ನೋಡಿ ಒಬ್ಬರು ನೀಲಿ ಅಂತಾರೆ, ಇನ್ನೊಬ್ಬರು ಇಲ್ಲ ಅಂತಾರೆ.

ಎಲೆಯ ಆಯ್ಕೆಯಲ್ಲೂ ಜಾಗ್ರತೆ ಬೇಕು. ದಾಸವಾಳದಂಥ ತೆಳು ಎಲೆ ಒಳ್ಳೆಯದು. ಎಕ್ಕದ ಎಲೆಯ ಮೇಣದ ಹೊದಿಕೆ ಆಲ್ಕೋಹಾಲನ್ನೂ ತಡೆಯುತ್ತದೆ, ಹಾಲು ಬೇರೆ ಸುರಿಯುತ್ತದೆ. ಈರುಳ್ಳಿ ಎಲೆ ಅಂತೂ ಬೇಡವೇ ಬೇಡ. ನಮ್ಮ ಕಡೆ ಹೊಲದಲ್ಲಿ ಸುಲಭವಾಗಿ ಸಿಗುತ್ತದೆ, ಬಿಸಿಲಿನಲ್ಲಿ ಬೇಕಾದಷ್ಟು ದ್ಯುತಿಸಂಶ್ಲೇಷಣೆಯೂ ನಡೆಸುತ್ತದೆ, ಆದರೆ ತಯಾರಾದ ಆಹಾರವನ್ನು ಪಿಷ್ಟದ ಬದಲು ಸಕ್ಕರೆಯಾಗಿ ಇಟ್ಟುಕೊಳ್ಳುತ್ತದೆ. ಎಷ್ಟು ಸಲ ಮಾಡಿದರೂ ಅಯೋಡಿನ್ ಕಂದಾಗಿಯೇ ಇರುತ್ತದೆ. ಇಲ್ಲಿ ತಪ್ಪು ಪ್ರಯೋಗದ್ದಲ್ಲ, ಎಲೆ ಆರಿಸಿದವರದ್ದು.

ಸಂಡೂರು ಕಡೆಯ ಗಣಿ ರಸ್ತೆ ಪಕ್ಕದ ಗಿಡವಾದರೆ ಪ್ರಯೋಗಕ್ಕೆ ಮುಂಚೆಯೇ ಎಲೆಗಳನ್ನು ಎರಡೂ ಬದಿ ನೀರಿನಲ್ಲಿ ತೊಳೆಯಿರಿ. ಕೆಂಪು ಧೂಳಿನ ಪದರ ಬೆಳಕನ್ನೂ ತಡೆಯುತ್ತದೆ, ಎಲೆಯೊಳಗೆ ಗಾಳಿ ಹೋಗಿಬರುವ ಸಣ್ಣ ತೂತುಗಳಾದ ಪತ್ರರಂಧ್ರಗಳನ್ನೂ ಮುಚ್ಚುತ್ತದೆ. ಜತೆಗೆ ಕೊನೆಯಲ್ಲಿ ಬಣ್ಣ ನೋಡುವಾಗ ಕಣ್ಣಿಗೆ ಮೋಸ ಮಾಡುತ್ತದೆ.

ಇಡೀ ಎಲೆ ನೀಲಿಯಾದರೆ

ಇದು ತದ್ವಿರುದ್ಧ ದೋಷ. ಬೆಳಕು ಬೇಕು ಎಂದು ತೋರಿಸಲು ಎಲೆಯ ಒಂದು ಭಾಗಕ್ಕೆ ಕಪ್ಪು ಕಾಗದ ಮುಚ್ಚಿ ಬಿಸಿಲಿಗಿಡುತ್ತೇವೆ, ಮುಚ್ಚಿದ ಭಾಗ ಕಂದಾಗಿಯೇ ಉಳಿಯಬೇಕು. ಕಪ್ಪು ಕಾಗದ ಮುಚ್ಚಿದ ಭಾಗವೂ ನೀಲಿ, ತೆರೆದ ಭಾಗವೂ ನೀಲಿ. ಹತ್ತರಲ್ಲಿ ಎಂಟು ಸಲ ಕಾರಣ ಒಂದೇ: ಗಿಡದಲ್ಲಿ ಹಳೆಯ ಪಿಷ್ಟ ಉಳಿದಿತ್ತು. ಪಠ್ಯದಲ್ಲಿ ಮೂರು ದಿನ ಕತ್ತಲೆಯ ಕೋಣೆಯಲ್ಲಿ ಇಡಿ ಎಂದಿರುವುದು ಎಲೆ ಕೂಡಿಟ್ಟ ಪಿಷ್ಟವನ್ನು ಗಿಡ ತಾನೇ ಬಳಸಿ ಖಾಲಿ ಮಾಡಲಿ ಎಂದು. ಶಾಲೆಯ ಸ್ಟೋರ್ ರೂಮಿನ ಗವಾಕ್ಷಿಯಿಂದ ಬೆಳಕು ಬೀಳುತ್ತಿದ್ದರೆ, ಬಾಗಿಲು ದಿನಕ್ಕೆ ಹತ್ತು ಸಲ ತೆರೆಯುತ್ತಿದ್ದರೆ ಅದು ಕತ್ತಲೆಯಲ್ಲ.

ಪಿಷ್ಟ ಖಾಲಿಯಾಗಿದೆಯೇ ಎಂದು ಊಹಿಸುವುದು ಬೇಡ. ಮೂರನೇ ದಿನ ಗಿಡವನ್ನು ಬಿಸಿಲಿಗೆ ಒಯ್ಯುವ ಮುಂಚೆ ಒಂದು ಎಲೆ ಕಿತ್ತು ಪೂರ್ತಿ ಪರೀಕ್ಷೆ ಮಾಡಿ. ಕಂದಾದರೆ ಮುಂದುವರಿಯಿರಿ. ನೀಲಿಯಾದರೆ ಇನ್ನೊಂದು ದಿನ ಇಡಿ. ಈ ಒಂದು ಎಲೆಯನ್ನು ಉಳಿಸಲು ಹೋಗಿ ಇಡೀ ಪ್ರಯೋಗ ಹಾಳುಮಾಡಿಕೊಳ್ಳುವವರೇ ಜಾಸ್ತಿ. ಕತ್ತಲಲ್ಲಿದ್ದರೂ ಕುಂಡಕ್ಕೆ ನೀರು ತಪ್ಪಿಸಬೇಡಿ.

ಕಾಗದದ ಪಟ್ಟಿಯನ್ನು ಎಲೆಯ ಮೇಲ್ಬದಿಗೆ ಮಾತ್ರ ಅಂಟಿಸಿದರೂ ಮಬ್ಬಾದ ನೀಲಿ ಬರುತ್ತದೆ. ಎರಡೂ ಬದಿ ಮುಚ್ಚಿ ಕ್ಲಿಪ್ ಹಾಕಬೇಕು. ಚುರುಕಾದ ವಿದ್ಯಾರ್ಥಿ ಇಲ್ಲೊಂದು ಪ್ರಶ್ನೆ ಎತ್ತಬೇಕು: ಕಾಗದ ಬೆಳಕಿನ ಜತೆಗೆ ಗಾಳಿಯನ್ನೂ ತಡೆದಿರಬಹುದಲ್ಲ? ಇನ್ನೊಂದು ಎಲೆಗೆ ಅದೇ ಅಳತೆಯ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಹಾಕಿದರೆ ಉತ್ತರ ಸಿಗುತ್ತದೆ. ಅದರ ಕೆಳಗೆ ನೀಲಿ ಬಂದರೆ ಕೊರತೆಯಾಗಿದ್ದು ಬೆಳಕು ಮಾತ್ರ.

ಬಣ್ಣಬಣ್ಣದ ಎಲೆಯ ತೊಂದರೆ

ಪತ್ರಹರಿತ್ತು ಬೇಕೇಬೇಕು ಎಂದು ತೋರಿಸಲು ಮನಿಪ್ಲಾಂಟ್ ಅಥವಾ ಕ್ರೋಟನ್ ಎಲೆ. ಕ್ರೋಟನ್‌ನಲ್ಲಿ ಕೆಂಪು ಬಣ್ಣ ಜಾಸ್ತಿ ಇರುವ ತಳಿ ಬೇಡ. ಕೆಂಪಿನ ಅಡಿಯಲ್ಲಿ ಹಸಿರೂ ಅಡಗಿರುತ್ತದೆ, ಕೆಂಪು ಭಾಗ ನೀಲಿಯಾದಾಗ ಮಕ್ಕಳು ಗಾಬರಿಯಾಗುತ್ತಾರೆ. ಹಸಿರು-ಬಿಳಿ ಮನಿಪ್ಲಾಂಟ್ ಸಲೀಸು. ಆದರೆ ಅದು ನೆರಳಿನ ಬಳ್ಳಿ. ಪಠ್ಯ ‘ಆರು ಗಂಟೆ ಸೂರ್ಯನ ಬೆಳಕು’ ಎಂದಿದೆ ಅಂತ ಮಾರ್ಚ್ ತಿಂಗಳ ರಾಯಚೂರಿನ ನಡುಮಧ್ಯಾಹ್ನದ ಬಿಸಿಲಿಗೆ ಇಟ್ಟರೆ ಎಲೆ ಸುಟ್ಟು ಬಿಳಿ ಕಲೆ ಬೀಳುತ್ತದೆ; ಆಮೇಲೆ ಹುಟ್ಟುಬಿಳಿ ಯಾವುದು, ಸುಟ್ಟ ಬಿಳಿ ಯಾವುದು ಎಂದು ಗೊತ್ತಾಗುವುದಿಲ್ಲ. ಬೇವಿನ ಮರದ ಚದುರಿದ ನೆರಳಲ್ಲೋ ಪೂರ್ವದ ಕಡೆಯ ವರಾಂಡದಲ್ಲೋ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಒಂದರ ತನಕ ಇಡಿ. ಬೆಳಕಿಗೆ ನಮ್ಮಲ್ಲೇನೂ ಬರವಿಲ್ಲ.

ಎಲೆಯನ್ನು ಕುದಿಸುವ ಮುಂಚೆ ಬಿಳಿ ಹಾಳೆಯ ಮೇಲಿಟ್ಟು ಅಂಚು, ಹಸಿರು ಭಾಗ ಎರಡನ್ನೂ ಪೆನ್ಸಿಲಿನಲ್ಲಿ ಗುರುತಿಸಿ. ಬಣ್ಣ ಹೋದ ಮೇಲೆ ಯಾವ ಭಾಗ ಹಸಿರಿತ್ತು ಎಂದು ನೆನಪಿಟ್ಟುಕೊಳ್ಳಲು ಯಾರಿಗೂ ಆಗುವುದಿಲ್ಲ. ಈ ಚಿತ್ರವಿಲ್ಲದೆ ಪ್ರಯೋಗಕ್ಕೆ ತೀರ್ಮಾನವೇ ಇಲ್ಲ.

ಬೆಲ್ ಜಾರ್‌ನ ಎರಡು ದೋಷಗಳು

ಕಾರ್ಬನ್ ಡೈಆಕ್ಸೈಡ್ ಬೇಕು ಎಂದು ತೋರಿಸುವ ಪ್ರಯೋಗ ಇದು. ಕತ್ತಲಲ್ಲಿಟ್ಟು ತಂದ ಒಂದೇ ಅಳತೆಯ ಎರಡು ಗಿಡ, ಅವುಗಳ ಮೇಲೆ ಗಂಟೆಯಾಕಾರದ ಗಾಜಿನ ಮುಚ್ಚಳಗಳಾದ ಎರಡು ಬೆಲ್ ಜಾರ್, ಒಂದರಲ್ಲಿ ವಾಚ್ ಗ್ಲಾಸ್ ತುಂಬ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್. ಅದು ಒಳಗಿನ ಕಾರ್ಬನ್ ಡೈಆಕ್ಸೈಡನ್ನು ಹೀರುತ್ತದೆ. ಬಿಸಿಲಿನಲ್ಲಿ ಎರಡು ಗಂಟೆ. ಆ ಗಿಡದ ಎಲೆ ಕಂದಾಗಿ, ಇನ್ನೊಂದು ಗಿಡದ ಎಲೆ ನೀಲಿಯಾಗಿ ಬರಬೇಕು.

ಎರಡೂ ನೀಲಿಯಾದರೆ ಮೂರು ಕಡೆ ನೋಡಿ. ಕತ್ತಲ ಕೋಣೆಯ ಹಂತ, ಅದನ್ನು ಆಗಲೇ ಹೇಳಿಯಾಯಿತು. ಎರಡನೆಯದು ಜಾರ್‌ನ ಅಂಚು: ಗಾಜಿನ ಹಲಗೆ ಬಿಸಿಲಿಗೆ ಕಾದಾಗ ವ್ಯಾಸಲೀನ್ ತೆಳುವಾಗಿ ಹರಿದು ಅಲ್ಲಲ್ಲಿ ಸಂದು ಬಿಡುತ್ತದೆ, ಹೊರಗಿನ ಗಾಳಿ ಒಳಗೆ ಬರುತ್ತದೆ. ದಪ್ಪಗೆ ಹಚ್ಚಿ, ಜಾರನ್ನು ಸ್ವಲ್ಪ ತಿರುಗಿಸಿ ಒತ್ತಿ ಕೂರಿಸಿ. ಮೂರನೆಯದನ್ನು ಯಾರೂ ಗಮನಿಸುವುದಿಲ್ಲ, ಅದು ಕುಂಡದ ಮಣ್ಣು. ಗೊಬ್ಬರ ಹಾಕಿದ ಹಸಿ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳೂ ಬೇರುಗಳೂ ಉಸಿರಾಡುತ್ತಾ ಕಾರ್ಬನ್ ಡೈಆಕ್ಸೈಡ್ ಬಿಡುತ್ತಲೇ ಇರುತ್ತವೆ. ಕುಂಡಕ್ಕೆ ಪ್ಲಾಸ್ಟಿಕ್ ಚೀಲ ಹಾಕಿ ಕಾಂಡದ ಬುಡಕ್ಕೆ ಸುತ್ತಿ ಕಟ್ಟಿದರೆ ಅದು ನಿಲ್ಲುತ್ತದೆ. ಕಟ್ಟುವುದಾದರೆ ಎರಡೂ ಕುಂಡಕ್ಕೆ ಕಟ್ಟಿ, ಇಲ್ಲದಿದ್ದರೆ ಹೋಲಿಕೆ ಕೆಡುತ್ತದೆ.

ಎರಡೂ ಕಂದಾದರೆ ಹೆಚ್ಚಾಗಿ ಕಾವಿನ ಕೆಲಸ. ಮುಚ್ಚಿದ ಗಾಜಿನೊಳಗೆ ಹೊರಗಿಗಿಂತ ಬಿಸಿ ಜಾಸ್ತಿ. ಗಿಡ ಬಾಡಿ ಪತ್ರರಂಧ್ರ ಮುಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಎಂಟರಿಂದ ಹತ್ತರ ಒಳಗೆ ಮುಗಿಸಿ. ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಚರ್ಮ ಸುಡುತ್ತದೆ, ಗಾಳಿಯ ತೇವ ಹೀರಿ ತಾನೇ ನೀರಾಗುತ್ತದೆ. ಚಮಚದಿಂದ ತೆಗೆದು ಡಬ್ಬಿ ತಕ್ಷಣ ಮುಚ್ಚಿ.

ಹೈಡ್ರಿಲ್ಲಾದ ಸುಳ್ಳು ಗುಳ್ಳೆ

ನೀರಿನೊಳಗೆ ಬೋರಲು ಹಾಕಿದ ಆಲಿಕೆಯೊಳಗೆ ಹೈಡ್ರಿಲ್ಲಾ ಎಂಬ ನೀರಿನ ಗಿಡ, ಮೇಲೆ ನೀರು ತುಂಬಿದ ಪ್ರನಾಳ, ಬಿಸಿಲಿಗಿಟ್ಟರೆ ಆಮ್ಲಜನಕದ ಗುಳ್ಳೆ. ನೋಡಲು ಚೆಂದ, ಮೋಸವೂ ಇಲ್ಲೇ ಜಾಸ್ತಿ. ಬೋರ್‌ವೆಲ್ ನೀರನ್ನು ನೇರ ತುಂಬಿ ಬಿಸಿಲಿಗಿಟ್ಟರೆ ನೀರು ಕಾಯುತ್ತಿದ್ದ ಹಾಗೆ ಅದರಲ್ಲಿ ಕರಗಿದ್ದ ಗಾಳಿ ಬಿಟ್ಟುಕೊಳ್ಳುತ್ತದೆ. ಗಿಡ ಇಲ್ಲದಿದ್ದರೂ ಬರುವ ಗುಳ್ಳೆ ಅದು. ಕಣ್ಣು ಹತ್ತಿರ ತಂದು ನೋಡಿ: ಕಾದ ನೀರಿನ ಗುಳ್ಳೆ ಸಾಸಿವೆಗಿಂತ ಸಣ್ಣದಾಗಿ ಗಾಜಿನ ಗೋಡೆಗೆ, ಎಲೆಗಳಿಗೆ ಎಲ್ಲೆಂದರಲ್ಲಿ ಅಂಟಿ ಕೂತಿರುತ್ತದೆ. ದ್ಯುತಿಸಂಶ್ಲೇಷಣೆಯ ಗುಳ್ಳೆ ಕಾಂಡ ಕತ್ತರಿಸಿದ ತುದಿಯ ಒಂದೇ ಜಾಗದಿಂದ, ಮಣಿ ಪೋಣಿಸಿದ ಹಾಗೆ ಒಂದರ ಹಿಂದೆ ಒಂದು ಏಳುತ್ತದೆ. ಕೈಯಿಂದ ಬೆಳಕು ಮರೆಮಾಡಿದರೆ ಅದರ ವೇಗ ಇಳಿಯುತ್ತದೆ; ಗೋಡೆಯ ಗುಳ್ಳೆಗೆ ಬೆಳಕಿನ ಹಂಗಿಲ್ಲ. ಪಕ್ಕದಲ್ಲೇ ಗಿಡವಿಲ್ಲದ ಇನ್ನೊಂದು ಜೋಡಣೆ ಇಟ್ಟರೆ ವಾದವೇ ಇರುವುದಿಲ್ಲ.

ಹಿಂದಿನ ಸಂಜೆಯೇ ಅಗಲ ಬಾಯಿಯ ಪಾತ್ರೆಯಲ್ಲಿ ನೀರು ತುಂಬಿಡಿ. ಪ್ರಯೋಗದ ಬೀಕರನ್ನು ತಣ್ಣೀರಿನ ಬೇಸಿನ್ನಿನಲ್ಲಿ ಕೂರಿಸಿ. ಲೀಟರಿಗೆ ಅರ್ಧ ಟೀ ಚಮಚ ಅಡುಗೆ ಸೋಡಾ, ಅಂದರೆ ಎರಡರಿಂದ ಮೂರು ಗ್ರಾಂ. ಅದು ಕಾರ್ಬನ್ ಡೈಆಕ್ಸೈಡಿನ ಮೂಲ. ಕುದಿಸಿ ಆರಿಸಿದ ನೀರಿನಲ್ಲಿ ಕರಗಿದ ಅನಿಲ ಹೋಗಿರುತ್ತದೆ, ಸೋಡಾ ಹಾಕದೆ ಅದರಲ್ಲಿ ಗುಳ್ಳೆ ಬರುವುದಿಲ್ಲ. ಎಂಟ್ಹತ್ತು ಕಡ್ಡಿಗಳನ್ನು ನೀರಿನೊಳಗೇ ಕತ್ತರಿಸಿ, ಕತ್ತರಿಸಿದ ತುದಿ ಮೇಲಿರುವಂತೆ ಆಲಿಕೆಯೊಳಗಿಡಿ. ಆಲಿಕೆಯ ಅಂಚಿನ ಕೆಳಗೆ ಎರಡು ಸಣ್ಣ ಕಲ್ಲು ಕೊಡಿ, ಇಲ್ಲದಿದ್ದರೆ ಸೋಡಾ ನೀರು ಒಳಗೆ ಹರಿದಾಡುವುದಿಲ್ಲ. ಬೇಸಿಗೆಯಲ್ಲಿ ತುಂಗಭದ್ರಾ ಕಾಲುವೆಗೆ ನೀರು ನಿಂತರೆ ಹೈಡ್ರಿಲ್ಲಾ ಸಿಗುವುದು ಕಷ್ಟ, ಮುಂಚೆಯೇ ತಂದು ತೊಟ್ಟಿಯಲ್ಲಿ ಬೆಳೆಸಿಕೊಳ್ಳಿ. ಕಾಲುವೆಗೆ ಮಕ್ಕಳನ್ನು ಇಳಿಸಬೇಡಿ.

ಸೇರಿದ ಅನಿಲ ಆಮ್ಲಜನಕವೇ ಎಂದು ನೋಡಲು ಹಿಡಿದ ಕೆಂಡದ ಕಡ್ಡಿ ಹೊತ್ತಿಕೊಳ್ಳಲಿಲ್ಲ ಎಂದು ನಿರಾಶರಾಗುವವರಿಗೆ: ಪ್ರನಾಳದಲ್ಲಿ ಅರ್ಧದಷ್ಟಾದರೂ ಅನಿಲ ಸೇರಬೇಕು, ಅದಕ್ಕೆ ಒಂದು ಹಗಲು ಹಿಡಿಯಬಹುದು. ಅದರಲ್ಲಿ ನೀರಿನಿಂದ ಬಿಟ್ಟ ನೈಟ್ರೋಜನ್ನೂ ಬೆರೆತರೆ ಕಡ್ಡಿ ಬರಿ ಕೆಂಪಾಗಿ ಹೊಳೆಯುತ್ತದೆ, ಹೊತ್ತುವುದಿಲ್ಲ. ಕಂಡಿದ್ದನ್ನೇ ದಾಖಲೆ ಪುಸ್ತಕದಲ್ಲಿ ಬರೆಯಿರಿ.

ಉತ್ತರ ಪತ್ರಿಕೆಯ ದೋಷಗಳು

ಸಮೀಕರಣದಲ್ಲಿ ನೀರು ಎರಡೂ ಕಡೆ ಏಕೆ ಇದೆ ಎಂಬುದು ಗೊತ್ತಿಲ್ಲದವರು ಪರೀಕ್ಷೆಯ ಗಡಿಬಿಡಿಯಲ್ಲಿ ಒಂದು ಕಡೆಯದನ್ನು ಬಿಟ್ಟುಬಿಡುತ್ತಾರೆ. ಪಠ್ಯದ ಪ್ರಕಾರ: 6 ಕಾರ್ಬನ್ ಡೈಆಕ್ಸೈಡ್ + 12 ನೀರು → 1 ಗ್ಲೂಕೋಸ್ + 6 ಆಮ್ಲಜನಕ + 6 ನೀರು. ಬಿಡುಗಡೆಯಾಗುವ ಆಮ್ಲಜನಕ ಬರುವುದು ನೀರಿನಿಂದ, ಕಾರ್ಬನ್ ಡೈಆಕ್ಸೈಡಿನಿಂದಲ್ಲ. ಆಮ್ಲಜನಕದ ಭಾರವಾದ ಬಗೆಯಾದ ಆಮ್ಲಜನಕ-18 ಬಳಸಿ ವಿಜ್ಞಾನಿಗಳಾದ ರೂಬೆನ್ ಮತ್ತು ಕಾಮೆನ್ 1941ರಲ್ಲಿ ಇದನ್ನು ತೋರಿಸಿದರು. 6 ಆಮ್ಲಜನಕದ ಅಣುಗಳಿಗೆ 12 ಪರಮಾಣು ಬೇಕು, ಒಂದು ನೀರಿನ ಅಣುವಿನಲ್ಲಿರುವುದು ಒಂದೇ. ಆದ್ದರಿಂದ 12 ನೀರು. ಬರೆದ ಮೇಲೆ ಎಣಿಸಿ: ಎರಡೂ ಕಡೆ ಕಾರ್ಬನ್ 6, ಹೈಡ್ರೋಜನ್ 24, ಆಮ್ಲಜನಕ 24. ಎಣಿಕೆಗೆ ಅರ್ಧ ನಿಮಿಷ ಸಾಕು.

‘ಸಸ್ಯಗಳು ಹಗಲು ದ್ಯುತಿಸಂಶ್ಲೇಷಣೆ ನಡೆಸುತ್ತವೆ, ರಾತ್ರಿ ಉಸಿರಾಡುತ್ತವೆ.’ ಈ ವಾಕ್ಯ ಕೇಳಲು ಸರಿಯೆನಿಸುತ್ತದೆ, ಅರ್ಧ ತಪ್ಪು. ಉಸಿರಾಟ ಹಗಲೂ ರಾತ್ರಿಯೂ ನಡೆಯುತ್ತದೆ. ಹಗಲಲ್ಲಿ ಅದರಿಂದ ಬಂದ ಕಾರ್ಬನ್ ಡೈಆಕ್ಸೈಡ್ ಅಲ್ಲಿಯೇ ದ್ಯುತಿಸಂಶ್ಲೇಷಣೆಗೆ ಬಳಕೆಯಾಗಿ ಹೊರಗೆ ಕಾಣುವುದಿಲ್ಲ, ಅಷ್ಟೇ. ‘ರಾತ್ರಿ ಮಾತ್ರ’ ಎಂಬ ಅರ್ಥ ಬರುವಂತೆ ಬರೆದರೆ ಅಂಕ ಹೋಯಿತು. ಇದೇ ಜಾತಿಯ ಇನ್ನೊಂದು ತಪ್ಪು, ‘ಕತ್ತಲ ಕ್ರಿಯೆ ರಾತ್ರಿ ನಡೆಯುತ್ತದೆ’. ಕಾರ್ಬನ್ ಡೈಆಕ್ಸೈಡಿನಿಂದ ಸಕ್ಕರೆ ಮಾಡುವ ಆ ಹಂತಕ್ಕೆ ಬೆಳಕು ನೇರವಾಗಿ ಬೇಡ ಎಂದಷ್ಟೇ ಆ ಹೆಸರಿನ ಅರ್ಥ. ಸಾಮಾನ್ಯ ಗಿಡಗಳಲ್ಲಿ ನಡೆಯುವುದು ಹಗಲಲ್ಲೇ.

ರಾತ್ರಿಯ ಮಾತು ಬರುವುದು ಮರುಭೂಮಿ ಸಸ್ಯಗಳ ಪ್ರಶ್ನೆಯಲ್ಲಿ. ಹೊಲದ ಬದುವಿನ ಪಾಪಾಸುಕಳ್ಳಿ, ಕತ್ತಾಳೆಗಳನ್ನೇ ನೆನೆಯಿರಿ. ಅವು ನೀರು ಉಳಿಸಲು ಹಗಲು ಪತ್ರರಂಧ್ರ ಮುಚ್ಚಿ, ರಾತ್ರಿ ತೆರೆದು ಕಾರ್ಬನ್ ಡೈಆಕ್ಸೈಡ್ ತೆಗೆದುಕೊಂಡು ಮಧ್ಯಂತರ ಸಂಯುಕ್ತವಾಗಿ ಇಡುತ್ತವೆ. ಹಗಲು ಪತ್ರಹರಿತ್ತು ಹೀರಿದ ಶಕ್ತಿಯಿಂದ ಅದನ್ನು ಮುಂದಕ್ಕೆ ಬಳಸುತ್ತವೆ. ‘ಕಳ್ಳಿ ರಾತ್ರಿ ದ್ಯುತಿಸಂಶ್ಲೇಷಣೆ ನಡೆಸುತ್ತದೆ’ ಎಂದು ಚಿಕ್ಕದು ಮಾಡಿದರೆ ತಪ್ಪಾಗುತ್ತದೆ.

ಪತ್ರರಂಧ್ರದ ಉತ್ತರ ಉಲ್ಟಾ ಬರೆಯುವವರು ಬಹಳ. ರಂಧ್ರದ ಎರಡೂ ಬದಿಯ ಕಾವಲು ಕೋಶಗಳಿಗೆ ನೀರು ನುಗ್ಗಿದರೆ ಉಬ್ಬಿ ಬಾಗುತ್ತವೆ, ರಂಧ್ರ ತೆರೆಯುತ್ತದೆ. ನೀರು ಹೊರಹೋದರೆ ಕುಗ್ಗುತ್ತವೆ, ರಂಧ್ರ ಮುಚ್ಚುತ್ತದೆ. ಉಬ್ಬಿದರೆ ಮುಚ್ಚಬೇಕಲ್ಲ ಎಂದು ತಲೆ ಹೇಳುತ್ತದೆ. ಆದರೆ ರಂಧ್ರದ ಕಡೆಯ ಗೋಡೆ ದಪ್ಪ, ಹೊರಗೋಡೆ ತೆಳು, ಹಾಗಾಗಿ ಉಬ್ಬಿದಾಗ ಎರಡೂ ಕೋಶ ಹೊರಕ್ಕೆ ಬಾಗುತ್ತವೆ. ಇದು ತಿಳಿದರೆ ಅನ್ವಯದ ಪ್ರಶ್ನೆಯೂ ಸುಲಭ. ಸಿರುಗುಪ್ಪದ ಮೆಣಸಿನ ಗಿಡ ಏಪ್ರಿಲ್ ಮಧ್ಯಾಹ್ನ ಎಲೆ ಜೋತುಬಿಟ್ಟಾಗ ಬೆಳಕು ಧಾರಾಳವಿದ್ದರೂ ದ್ಯುತಿಸಂಶ್ಲೇಷಣೆ ಏಕೆ ಇಳಿಯುತ್ತದೆ? ನೀರು ಕಡಿಮೆ, ಕಾವಲು ಕೋಶ ಕುಗ್ಗಿದವು, ರಂಧ್ರ ಮುಚ್ಚಿತು, ಕಾರ್ಬನ್ ಡೈಆಕ್ಸೈಡ್ ಒಳಗೆ ಬರಲಿಲ್ಲ. ನಾಲ್ಕು ಕೊಂಡಿಯನ್ನೂ ಈ ಕ್ರಮದಲ್ಲೇ ಬರೆಯಿರಿ. ‘ಬಿಸಿಲು ಜಾಸ್ತಿಯಾಗಿ’ ಎಂಬ ಒಂದೇ ಮಾತು ಉತ್ತರವಲ್ಲ.

ಎಲೆಯ ಅಡ್ಡಸೀಳಿಕೆಯ ಚಿತ್ರದಲ್ಲಿ ಮೂರು ಜಾಗ ತಿದ್ದಿಕೊಂಡರೆ ಸಾಕು. ಮೇಲಿನ ಹೊರಪದರದ ಕೋಶಗಳೊಳಗೆ ಹಸಿರು ಚುಕ್ಕಿ ಹಾಕಬೇಡಿ, ಅಲ್ಲಿ ಕ್ಲೋರೋಪ್ಲಾಸ್ಟ್ ಇಲ್ಲ. ಹೊರಪದರದಲ್ಲಿ ಕಾವಲು ಕೋಶಗಳಿಗೆ ಮಾತ್ರ ಹಾಕಿ. ಪತ್ರರಂಧ್ರವನ್ನು ಕೆಳಗಿನ ಹೊರಪದರದಲ್ಲಿ ತೋರಿಸಿ, ಅದರ ಮೇಲೆ ಗಾಳಿಯ ಜಾಗ ಬಿಡಿ. ನಾಳಕೂರ್ಚದಲ್ಲಿ (ಎಲೆಯ ನರದೊಳಗಿನ ನಾಳಗಳ ಕಟ್ಟು) ನೀರು ಸಾಗಿಸುವ ಕ್ಸೈಲಮ್ ಮೇಲೆ, ಆಹಾರ ಸಾಗಿಸುವ ಫ್ಲೋಯಮ್ ಕೆಳಗೆ. ಗೆರೆಗಳನ್ನು ಒಂದೇ ಬದಿಗೆ ಎಳೆದು, ಒಂದನ್ನೊಂದು ದಾಟದಂತೆ ನೋಡಿಕೊಳ್ಳಿ.